ಒಂದು ಸಾಲಿನ ಕಮಾಂಡೂ ನಾನು ಆಡಿದ ಮಾತೂ

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಊರಲ್ಲಿ ಅರ್ಜಿ ಬರೆದುಕೊಡುವವನೂ ನಾನೇ, ತಿಳಿದವನೂ ನಾನೇ ಆಗಿದ್ದೆ. ಆ ಜಾಗಕ್ಕೆ ಮೊಮ್ಮಗಳು ಬಂದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಮುಚ್ಚಿಡದೆ ಹೇಳುತ್ತಿದ್ದೇನೆ.

ಗೆಟ್ಟವಾಡಿಯಿಂದ ಚಾಮರಾಜನಗರದ ಕಾಲೇಜಿಗೆ ಓಡಾಡುವ ಅವಳು ಕೋಸು ಬೆಳೆಯುವವರಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡುತ್ತಿದ್ದಳು. ಯಾರ ಹೊಲದಲ್ಲಿ ಯಾವತ್ತು ಕೊಯ್ಲು ಎಂದು ಎಲ್ಲರಿಗೂ ಮೊದಲೇ ತಿಳಿದರೆ ಒಟ್ಟಿಗೆ ಒಂದೇ ಲಾರಿ ಕರೆಸಬಹುದು ಎಂಬುದು ಅವಳ ಆಲೋಚನೆ. ನಮ್ಮ ರೈತರ ಸಂಘ ಒಪ್ಪಬೇಕಿತ್ತು.

ಅವಳು ಕೆಲಸ ಶುರು ಮಾಡಿದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಬರೆದು ಎಂಟರ್ ಒತ್ತಿದಳು. ಅಕ್ಷರಗಳು ಸುರಿದವು. ಒಂದು ಲೋಟ ಟೀ ಮುಗಿಯುವುದರೊಳಗೆ ಹತ್ತಾರು ಫೈಲುಗಳು ತಾವಾಗಿ ಹುಟ್ಟಿದ್ದವು; ಫೋನಿನಲ್ಲೂ ಒಂದು ಪುಟ ತೆರೆದುಕೊಂಡಿತು. ಆಮೇಲೆ ಮೂರು ತಿಂಗಳು ಅವಳು ಕೂತು ಮಾಡಿದ್ದನ್ನು ನಾನು ನೋಡಲಿಲ್ಲ, ನೋಡಬೇಕು ಅನ್ನಿಸಲೂ ಇಲ್ಲ.

ಸಂಘದ ಸಭೆಯ ಹಿಂದಿನ ದಿನ ಟೀ ಅಂಗಡಿಯಲ್ಲಿ ಅವಳನ್ನು ಹೊಗಳುತ್ತಿದ್ದರು. ನಾನು ಸುಮ್ಮನಿರಲಿಲ್ಲ.

"ಒಂದ್ ಸಾಲು ಟೈಪ್ ಮಾಡುದ್ಲು ಕಣ್ರಲಾ, ಮಿಕ್ಕಿದ್ದೆಲ್ಲ ಮಿಷಿನ್ನೇ ಮಾಡ್ಬುಡ್ತು."

ಎಲ್ಲರೂ ನಕ್ಕರು. ಮಾರನೆಯ ದಿನ ಸಭೆಯಲ್ಲಿ, ಅಷ್ಟು ಸುಲಭದ್ದನ್ನು ಯಾರಿಂದಲಾದರೂ ಮಾಡಿಸಿಕೊಳ್ಳುತ್ತೇವೆ ಎಂದು, ತೋರಿಸಲೂ ಬಿಡದೆ ಅವಳನ್ನು ವಾಪಸು ಕಳಿಸಿದರು.

ಮನೆಗೆ ಬಂದವಳು ಅಳಲಿಲ್ಲ. ಯಾರ ಮಾತೆಂದು ಅವಳಿಗೆ ಗೊತ್ತಾಗಿತ್ತು. ಮೊದಲ ದಿನದ ಅದೇ ಕಮಾಂಡನ್ನು ಹೊಸದಾಗಿ ಕೊಟ್ಟು, ಅದರಿಂದ ಹುಟ್ಟಿದ ಪುಟ ತೆರೆದಿದ್ದ ಫೋನನ್ನು ನನ್ನ ಕೈಗಿಟ್ಟಳು.

"ಇದ್ರಲ್ಲಿ ಕೋಸು ಎಲ್ಲದೆ ತೋರ್ಸು ತಾತ."

ಬಿಳಿ ಪುಟ. ಮೇಲೊಂದು ಹೆಸರು, ಕೆಳಗೊಂದು ಗುಂಡಿ. ಒತ್ತಿದರೆ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು, ಅಷ್ಟೇ. ಕೋಸಿಲ್ಲ, ಲಾರಿಯಿಲ್ಲ, ನಮ್ಮೂರಿಲ್ಲ.

ನಾನು ಹೊಲಕ್ಕೆ ಕೋಸಿನ ಬೀಜ ಹಾಕಿ ಇಪ್ಪತ್ತು ವರ್ಷವಾಯಿತು. ನರ್ಸರಿಯಿಂದ ಟ್ರೇಗಟ್ಟಲೆ ಸಸಿ ತಂದು ನೆಡುತ್ತೇನೆ. ಬೆಳೆದ ಕೋಸು ನರ್ಸರಿಯವನದು ಎಂದು ಯಾರಾದರೂ ಅಂದಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಮುಂದಿನ ಸಭೆಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಹೊಟ್ಟೆಕಿಚ್ಚಿನಿಂದ ಆಡಿದ ಮಾತು ಅದು ಎಂದು ಎದ್ದುನಿಂತು ಹೇಳಿದೆ. ಆ ಬಿಳಿ ಪುಟವನ್ನು ಕೈಯಿಂದ ಕೈಗೆ ದಾಟಿಸಿ, ಕೋಸು ಹುಡುಕಿ ಎಂದೆ.

"ಒತ್ತಿ ಒತ್ತಿ ಐವತ್ತು ಮಾಡ್ದೆ ದೊಡ್ಡಪ್ಪ, ಒಂದು ಗೆಡ್ಡೇನೂ ಬರ್ನಿಲ್ಲ" ಎಂದು ಒಬ್ಬ ಛೇಡಿಸಿದ.

ಆಮೇಲೆ ಅವಳು ಮೂರು ತಿಂಗಳು ಕೂತು ಮಾಡಿದ ತನ್ನ ಆ್ಯಪನ್ನು ತೆರೆದು, ಹೊಲ, ಕೊಯ್ಲಿನ ದಿನ, ಲಾರಿ ಎಲ್ಲ ತೋರಿಸಿದಳು. ಸಂಘದ ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ನನ್ನ ಒಲಾನೂ ಆಕವ್ವ" ಅಂದರು.

ನನ್ನ ಹೊಲವನ್ನು ಅವಳು ಎಲ್ಲರದೂ ಮುಗಿದ ಮೇಲೆ ಸೇರಿಸಿದಳು. ಸರಿಯಾಗಿಯೇ ಮಾಡಿದಳು.