ಸಾಂಬ್ರಾಣಿ ಹೊಗೆ ಮತ್ತು ಅತ್ತೆಯ ಫೋನು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಬೆಳಗಿನ ಮೀಟಿಂಗ್ ನಡೆಯುತ್ತಿದ್ದಾಗ ನನ್ನ ಫೋನು ಕೂಗಿಕೊಂಡಿತು. ಪರದೆಯ ಮೇಲೆ ಕೆಂಪು ಅಕ್ಷರ: ‘ಮನೆಯೊಳಗಿನ ಗಾಳಿ ಕೆಟ್ಟಿದೆ.’ ಹೊರಗೆ ಬಂದು ಮಾಕಳಿಯ ಮನೆಗೆ ಫೋನ್ ಮಾಡಿದೆ.

“ಮಗೂಗೆ ಎಣ್ಣೆನೀರು ಹಾಕಿದೀನಿ. ಶೀತ ಆಗ್ಬಾರ್ದು ಅಂತ ತಲೆಗೆ ಸಾಂಬ್ರಾಣಿ ಹೊಗೆ ಕೊಡ್ತಿದೀನಿ ಕಣೇ. ಅಲ್ಲಿ ಕೂತ್ಕೊಂಡು ನನ್ನ ಮೇಲೆ ಕಣ್ಣಿಡ್ತೀಯಾ?” ಎಂದರು ಅತ್ತೆ. ಅವರ ಮಾತಿನ ಹಿಂದೆಯೇ ಮಗಳ ಕೆಮ್ಮು ಕೇಳಿಸಿತು.

ಉಬ್ಬಸದ ಮಗುವಿನ ಹತ್ತಿರ ಹೊಗೆಯೇ ಬೇಡ ಎಂದು ಡಾಕ್ಟರು ಹೇಳಿದ್ದಕ್ಕೇ ಗಾಳಿ ಅಳೆಯುವ ಆ ಪುಟ್ಟ ಯಂತ್ರವನ್ನು ಹಾಲ್‌ನಲ್ಲಿ ಇಟ್ಟಿದ್ದು. ಅದನ್ನು ತೆಗೆಸು ಎಂದು ಅತ್ತೆ ಸಂಜೆ ಪಟ್ಟು ಹಿಡಿದರು. ನಾನೂ ಬಗ್ಗಲಿಲ್ಲ. ಆದರೆ ‘ಕಣ್ಣಿಡ್ತೀಯಾ’ ಎಂಬ ಮಾತು ಚುಚ್ಚುತ್ತಲೇ ಇತ್ತು. ಅವರ ಫೋನ್ ಇಸಿದುಕೊಂಡು, ಅಲರ್ಟ್ ಅದಕ್ಕೇ ಹೋಗುವಂತೆ ಮಾಡಿ, ನನ್ನದರಿಂದ ತೆಗೆದುಹಾಕಿದೆ. “ಇನ್ಮೇಲೆ ನೀವೇ ನೋಡ್ಕೊಳ್ಳಿ ಅತ್ತೆ” ಎಂದಷ್ಟೇ ಹೇಳಿದೆ.

ಮುಂದಿನ ಸಲ ಮಗುವಿಗೆ ಎಣ್ಣೆನೀರು ಹಾಕಿದಾಗ ನನಗೆ ರಜೆ; ಮನೆಯಲ್ಲೇ ಇದ್ದೆ. ಕೆಂಡದ ಮೇಲೆ ಸಾಂಬ್ರಾಣಿ ಬಿದ್ದು ಹೊಗೆ ಎದ್ದಿತು, ಅತ್ತೆಯ ಸೊಂಟದಲ್ಲಿದ್ದ ಫೋನು ಕೂಗಿತು. ಅವರು ಫೋನು ನೋಡಿದರು, ಮಗುವನ್ನು ನೋಡಿದರು. ನನ್ನ ಕಡೆ ತಿರುಗಲಿಲ್ಲ. ಧೂಪದ ಬಟ್ಟಲನ್ನು ಹೊರಗೆ ತುಳಸಿಯ ಮುಂದಿಟ್ಟು ಬಂದು, ಒಣ ಟವೆಲಿನಲ್ಲೇ ಮಗುವಿನ ತಲೆ ಒರೆಸಿದರು.

ಮೊನ್ನೆ ಭಾನುವಾರ ನಾನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹಾಲ್‌ನಿಂದ ಅತ್ತೆಯ ದನಿ ಬಂತು: “ಅಡುಗೆಮನೆ ಫ್ಯಾನ್ ಹಾಕೇ, ಮಗು ಇದೆ.” ಅವರ ಫೋನು ಇನ್ನೂ ಕೂಗಿರಲಿಲ್ಲ.