ಕಾಲು ಮೇಲಾದ ಕುರಿ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುವುದಿಲ್ಲ. ಕಂಡಕ್ಟರ್ ಹರಿದುಕೊಟ್ಟ ಟಿಕೆಟನ್ನು ಇಂದಿಗೂ ಎರಡು ಸಲ ಓದುತ್ತೇನೆ. ಇದು ಹುಟ್ಟುಗುಣವಲ್ಲ, ಇಚಲಕರಂಜಿಯಲ್ಲಿ ಕಲಿತದ್ದು. ಎಂಬತ್ತರ ದಶಕದ ನಡುವೆ ನಾನು ಅಲ್ಲಿಯ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಡಿಸೈನ್ ಬರೆಯುವ ಕೆಲಸಕ್ಕಿದ್ದೆ. ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕವನ್ನು, ನಮ್ಮ ಮಾತಿನಲ್ಲಿ ಮನೆಯನ್ನು, ತುಂಬುತ್ತ ಹೋಗುವುದು. ತುಂಬಿದ ಮನೆಯಲ್ಲಿ ಬಣ್ಣದ ನೂಲು ಬಟ್ಟೆಯ ಮೇಲೆ ಕಾಣುತ್ತದೆ, ಖಾಲಿ ಮನೆಯಲ್ಲಿ ಅಡಗುತ್ತದೆ. ಒಂದು ಒಳ್ಳೆಯ ಡಿಸೈನ್ ಹೊರಬಿತ್ತೆಂದರೆ ಎಂಟೇ ದಿನದಲ್ಲಿ ಪಕ್ಕದ ಓಣಿಯ ಮಗ್ಗದಲ್ಲೂ ಅದೇ ಖಡಖಡ. ಹಾಗಾಗಿ ನಮ್ಮ ಸಾಹುಕಾರರು ಸಂಜೆಯಾದರೆ ನನ್ನ ಮೇಜಿನ ಕಾಗದಗಳನ್ನು ತಾವೇ ಒಟ್ಟುಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಶಿರೋಳ ಕಡೆಯ ಜೈನರು ಅವರು, ಮಾತು ಬಲು ಮೆತ್ತಗೆ. ನಾಲ್ಕು ವರ್ಷ ದುಡಿದ ಮೇಲೂ ನಾನು ಹೊರಡುವಾಗ ಅವರ ಕಣ್ಣು ನನ್ನ ಚೀಲದ ಮೇಲೇ ಇರುತ್ತಿತ್ತು.

ಒಂದು ಭಾನುವಾರ ಕೊಲ್ಹಾಪುರದ ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮಿನ ಅಂಗಡಿ ಹೊಕ್ಕೆ. ಪೆಟ್ಟಿಗೆಯ ಪರದೆಯ ಮೇಲೆ ವಿಮಾನಗಳು ಗುಂಡು ಹಾರಿಸುತ್ತಿದ್ದವು. ಉಳಿದವರು ವಿಮಾನ ನೋಡಿದರೆ ನಾನು ಅದರ ಅಂಚು ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿತ್ತು. ಅರೆ, ಇದು ನನ್ನ ಚೌಕುಳಿ ಕಾಗದವೇ ಅಲ್ಲವೇ ಎನಿಸಿತು. ಯಾರೋ ಕೂತು ಮನೆ ತುಂಬಿದ್ದಾರೆ, ಅಷ್ಟೇ. ಅವರು ತುಂಬಬಹುದಾದರೆ ನಾನೇಕೆ ತುಂಬಬಾರದು? ಮುಂದಿನ ಭಾನುವಾರದಿಂದಲೇ ಅಲ್ಲಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದೆ. ಕ್ಲಾಸೆಂದರೆ ಒಂದು ಖೋಲಿ, ಟಿವಿಗೆ ಜೋಡಿಸಿದ ಒಂದು ಸಣ್ಣ ಕಂಪ್ಯೂಟರ್, ಬರೆದದ್ದನ್ನು ಉಳಿಸಿಕೊಳ್ಳಲು ಒಂದು ಟೇಪ್ ರೆಕಾರ್ಡರ್. ಕಲಿಸುವ ಮಾಸ್ತರರು ನಮಗಿಂತ ಒಂದೇ ಪಾಠ ಮುಂದಿದ್ದಾರೆಂದು ನನಗೆ ಮೊದಲ ದಿನವೇ ಗುಮಾನಿ ಬಂತು.

ನನ್ನ ಆಟ ಯಾವುದಿರಬೇಕೆಂದು ಆಗಲೇ ಗೊತ್ತಿತ್ತು. ನಮ್ಮದು ಗಡಹಿಂಗ್ಲಜ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುವ ಮನೆ. ಅಪ್ಪ ವರ್ಷಕ್ಕೊಮ್ಮೆ ಹಿಂಡು ಹೊಡೆದುಕೊಂಡು ಕಾಗಲದ ಬಳಿ ಹೆದ್ದಾರಿ ದಾಟುತ್ತಿದ್ದ. ಲಾರಿಗಳ ನಡುವೆ ಕುರಿಯನ್ನು ಆಚೆ ಮುಟ್ಟಿಸುವುದು, ಅದೇ ಆಟ. ಹಾಸ್ಟೆಲಿನಲ್ಲಿ ಓದಿ ಬೆಳೆದ ನನಗೆ ಕುರಿಯ ಗಂಧವೇ ಇಲ್ಲವೆಂದು ಅಪ್ಪ ಬಂದವರೆದುರೆಲ್ಲ ಹೇಳುತ್ತಿದ್ದ. ಅದು ಒಳಗೆ ಚುಚ್ಚುತ್ತಿತ್ತು. ಅದಕ್ಕೇ ನನ್ನ ಕುರಿ ನಮ್ಮ ಕುರಿಯಂತೆಯೇ ಇರಬೇಕೆಂದು ಹಟ ಹಿಡಿದೆ. ಅಡ್ಡ ಎಂಟು ಮನೆ, ಉದ್ದ ಎಂಟು ಮನೆ, ಅಷ್ಟರಲ್ಲೇ ಕಾಲು, ಮೈ, ತಲೆ ಎಲ್ಲ ಹಿಡಿಸಬೇಕು. ನಮ್ಮ ಕುರಿಗಳ ಕಿವಿ ಜೋತುಬಿದ್ದಿರುತ್ತವೆ. ಒಂದು ಮನೆಯನ್ನು ಕೆಳಗಿಳಿಸಿ ಆ ಕಿವಿ ತರಲು ನನಗೆ ಒಂದು ವಾರ ಹಿಡಿಯಿತು.

ಒಂದು ಸಾಲಿನಲ್ಲಿ ತುಂಬಿದ ಮನೆಗಳ ಬೆಲೆ ಕೂಡಿದರೆ ಒಂದು ಅಂಕಿ, ಎಂಟು ಸಾಲಿಗೆ ಎಂಟು ಅಂಕಿ. ಅವನ್ನು ಕಂಪ್ಯೂಟರಿಗೆ ಕೊಟ್ಟರೆ ಚಿತ್ರ ಬರಬೇಕು. ಮೊದಲು ಮಗ್ಗದ ಲಾಳಿಯೊಂದನ್ನು ಬರೆದು ನೋಡಿದ್ದೆ, ಚೆಂದ ಬಂದಿತ್ತು. ಕುರಿ ಮಾತ್ರ ಕಾಲು ಮೇಲೆ ಮಾಡಿ ಸತ್ತು ಬಿದ್ದಂತೆ ಬಂತು. ಅಂಕಿಗಳನ್ನು ಮತ್ತೆ ಕೂಡಿ ನೋಡಿದೆ, ತಪ್ಪಿರಲಿಲ್ಲ. ಟಿವಿ ಕೆಟ್ಟಿದೆಯೆಂದೆ, ಆದರೆ ಅಕ್ಷರಗಳು ನೆಟ್ಟಗಿದ್ದವು. ಮಾಸ್ತರರು ತಲೆ ಕೆರೆದುಕೊಂಡರು. ನಾನು ಕ್ಲಾಸು ಬಿಡದಿರಲೆಂದು ಬೇಕಂತಲೇ ಪಾಠದ ಒಂದು ಸಾಲು ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಮೂರು ಭಾನುವಾರ ಹೀಗೇ ಹೋದವು. ಎಲ್ಲರನ್ನೂ ಸಂಶಯಿಸಿದೆ, ನನ್ನ ಕೈಯೊಂದನ್ನು ಬಿಟ್ಟು.

ಅದೇ ಹೊತ್ತಿಗೆ ನನ್ನ ಚೀಲದಿಂದ ಕುರಿಯ ಕಾಗದ ಕಾಣೆಯಾಯಿತು. ಶನಿವಾರ ಸಾಹುಕಾರರು ಒಳಗೆ ಕರೆದರು. ಮೇಜಿನ ಮೇಲೆ ಗೇಣುದ್ದದ ಬಟ್ಟೆಯೊಂದನ್ನು ಹಾಸಿ ನನ್ನ ಮುಖವನ್ನೇ ನೋಡುತ್ತ ಕೂತರು. ನಾನು ಪ್ರತಿ ಭಾನುವಾರ ಡಿಸೈನ್ ಒಯ್ದು ಕೊಲ್ಹಾಪುರದ ಯಾವುದೋ ವ್ಯಾಪಾರಿಗೆ ಕೊಡುತ್ತೇನೆಂದು ಅವರಿಗೆ ಖಾತ್ರಿಯಾಗಿತ್ತು. ಯಾವ ಡಿಸೈನೆಂದು ತಿಳಿಯಲು ನನ್ನ ಚೀಲದಿಂದ ಆ ಕಾಗದ ತೆಗೆಸಿ, ಮಗ್ಗಕ್ಕೆ ಹಾಕಿ ನೇಯಿಸಿಯೇ ನೋಡಿದ್ದರು.

"ಖರೇ ಹೇಳು. ಯಾರಿಗೆ ಕೊಡಾಕ ತಗದೀ ಇದನ್ನ?"

ಬಟ್ಟೆ ನೋಡಿದೆ. ಅಡ್ಡಕ್ಕೆ ಸಾಲಾಗಿ ಕುರಿಗಳು. ಒಂದೊಂದೂ ನೆಲಕ್ಕೆ ಕಾಲೂರಿ ನಿಂತಿದೆ. ನನ್ನ ಮೇಲೆ ಕಳ್ಳತನ ಹೊರಿಸುತ್ತಿದ್ದಾರೆ ಎಂಬುದೇ ಮರೆತುಹೋಯಿತು.

"ನಿಂತೈತ್ರಿ," ಎಂದೆ. "ಕಾಲಮ್ಯಾಲ ನಿಂತೈತ್ರಿ, ಸಾಹುಕಾರ್ರ."

ಬಟ್ಟೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಹಾಗಾಗಿ ನಾವು ಡಿಸೈನಿನ ಮೊದಲ ಸಾಲನ್ನು ಕಾಗದದ ಬುಡದಲ್ಲಿ ಬರೆಯುತ್ತೇವೆ. ಪರದೆ ಮಾತ್ರ ಪಾಟಿಯ ಮೇಲಿನ ಬರಹದ ಹಾಗೆ ಮೇಲಿನಿಂದ ತುಂಬುತ್ತದೆ. ನಾನು ನಾಲ್ಕು ವರ್ಷದ ಕೈರೂಢಿಯಲ್ಲಿ ಬುಡದ ಅಂಕಿಯನ್ನೇ ಮೊದಲು ಕೊಡುತ್ತಿದ್ದೆ. ಲಾಳಿಗೆ ಮೇಲು ಕೆಳಗು ಒಂದೇ ಆದ್ದರಿಂದ ಗೊತ್ತಾಗಿರಲಿಲ್ಲ. ಇದನ್ನೆಲ್ಲ ಸಾಹುಕಾರರಿಗೆ ಹೇಳಿದೆ, ಇದು ಒಂದು ಆಟಕ್ಕಾಗಿ ಎಂದೂ ಹೇಳಿದೆ. ಹೇಳುವಾಗ ನನಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು. ನಾಳೆ ಕ್ಲಾಸಿಗೆ ತಾವೂ ಬರುವುದಾಗಿ, ಸುಳ್ಳಾಗಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರಬೇಡವೆಂದು ಅವರು ಮೆತ್ತಗೆ ಹೇಳಿದರು.

ಮರುದಿನ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು ಬಂದರು. ಕ್ಲಾಸಿನಲ್ಲಿ ಎಂಟು ಅಂಕಿಗಳನ್ನು ತಿರುಗುಮುರುಗು ಮಾಡಿ ಹಾಕಿದೆ. ಕುರಿ ಎದ್ದು ನಿಂತಿತು. ಕೀಲಿ ಒತ್ತಿದರೆ ಒಂದೊಂದೇ ಹೆಜ್ಜೆ ನಡೆಯಿತು. ಲಾರಿಗಳು ಇನ್ನೂ ಬರೀ ಚೌಕಗಳು. ಒಂದು ಲಾರಿ ಕುರಿಗೆ ಬಡಿದಾಗ ಸಾಹುಕಾರರು ಮುಖ ಕಿವುಚಿ, ಅದನ್ನು ಸಾಯಿಸಬೇಡ, ದಾಟಿಸು ಎಂದರು. ದಾಟಿಸಿದೆ. ಆಮೇಲೆ ಅವರು ಒಂದೇ ಒಂದು ಮಾತು ಕೇಳಿದರು.

"ಇದನ್ನ ಯಾರರೆ ಕದ್ರ ನಿನಗ ಹೆಂಗ ಗೊತ್ತಾಕ್ಕೈತಿ?"

ಟಿವಿಯೊಳಗಿನ ಕುರಿಯನ್ನು ಯಾರು ಕದಿಯುತ್ತಾರೆಂದು ನಕ್ಕುಬಿಟ್ಟೆ. ಇನ್ನೊಬ್ಬರ ಮೇಲೆ ಸಂಶಯಪಡಬೇಕಾದಾಗ ನಾನು ಪಡದೇ ಹೋದದ್ದು ಅದೊಂದೇ ಸಲ.

ನಾಲ್ಕಾರು ತಿಂಗಳ ಮೇಲೆ ಊರಿಗೆ ಹೋಗಿದ್ದೆ. ಅಪ್ಪ ಗಡಹಿಂಗ್ಲಜ ಸಂತೆಯಿಂದ ಹೆಗಲಿಗೆ ಹೊಸ ಟಾವೆಲ್ ಹಾಕಿಕೊಂಡು ಬಂದ. ಅದರ ಎರಡೂ ತುದಿಗೆ ನನ್ನ ಕುರಿಗಳು. ಎದೆಯ ಕಡೆ ಇಳಿಬಿದ್ದ ತುದಿಯಲ್ಲಿ ನೆಟ್ಟಗೆ ನಿಂತಿದ್ದವು, ಬೆನ್ನ ಕಡೆಯ ತುದಿಯಲ್ಲಿ ಕಾಲು ಮೇಲಾಗಿ ನೇತಾಡುತ್ತಿದ್ದವು. ನಮ್ಮ ಕಾರಖಾನೆಯಲ್ಲಿ ಇಂಥದ್ದು ನೇಯ್ದದ್ದನ್ನು ನಾನು ಕಂಡಿರಲಿಲ್ಲ. ಉದಗಾಂವದಲ್ಲಿ ಸಾಹುಕಾರರ ಅಳಿಯನ ಮಗ್ಗಗಳಿದ್ದದ್ದು ಆಗ ನೆನಪಾಯಿತು. ಸಾಹುಕಾರರು ನನ್ನ ಕುರಿಯ ಕಾಗದವನ್ನು ಹಿಂದಿರುಗಿಸಿರಲೂ ಇಲ್ಲ. ನನ್ನನ್ನು ಕಳ್ಳನೆಂದು ಶಂಕಿಸಿ ಬಸ್ಸು ಹತ್ತಿ ಬಂದವರು ಅವರು.

ಅಪ್ಪ ಮಾತ್ರ ಖುಷಿಯಲ್ಲಿದ್ದ. "ಕಿವಿ ನೋಡು," ಎಂದ. "ಈ ಚಿತ್ರಾ ತಗದಾಂವ ಕುರಿ ಮೇಸಿದಾಂವ ಇರಬೇಕು."

"ನಾನ ತಗದೇನಿ, ಯಪ್ಪಾ."

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ನೀ ಯಾವಾಗ ಕುರಿ ಮೇಸೀದಿ?"

ಸಾಹುಕಾರರ ಮೇಜಿನ ಎದುರು ನಿಂತಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ತೋರಿಸಲು ನನ್ನ ಬಳಿ ಇದ್ದದ್ದು ಆಟವನ್ನು ಉಳಿಸಿಟ್ಟ, ಕೀರಲು ದನಿ ಮಾಡುವ ಒಂದು ಕ್ಯಾಸೆಟ್ಟು, ಅದಕ್ಕೆ ಬೇಕಾದ ಯಂತ್ರ ಕೊಲ್ಹಾಪುರದಲ್ಲಿ. ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಯಿಂದ ಅಡ್ಡ ಎಂಟು, ಉದ್ದ ಎಂಟು ಮನೆ ಗೀರಿದೆ. ಸಣ್ಣ ಕಲ್ಲಿನ ಹರಳು ಆರಿಸಿ, ಟಾವೆಲ್ಲಿನ ಕಡೆ ನೋಡದೆ, ಬುಡದ ಸಾಲಿನಿಂದ ಇಡುತ್ತ ಬಂದೆ. ಕಾಲು ಬಂದವು, ಹೊಟ್ಟೆ ಬಂತು. ಅಪ್ಪ ಎದುರು ಬಂದು ಕೂತ. ಐದನೆಯ ಸಾಲಿನಲ್ಲಿ ಕಿವಿಗೆ ಹರಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನೇ ಒಂದನ್ನು ತೆಗೆದು, ಅದು ಇರಬೇಕಾದ ಮನೆಯಲ್ಲೇ ಇಟ್ಟ.

ಹೆಗಲಿನ ಟಾವೆಲ್ ಇಳಿಸಿ ತೊಡೆಯ ಮೇಲೆ ಹಾಸಿ, ಹರಳಿನ ಕುರಿಗೂ ನೂಲಿನ ಕುರಿಗೂ ತಾಳೆ ನೋಡಿದ. ಒಂದೊಂದೇ ಸಾಲಿಗೆ ಬೆರಳಿಡುತ್ತ, ನಿಧಾನವಾಗಿ.

"ಹಂಗಾರ ನಿನ್ನ ಕುರಿ ಯಾರೋ ಹೊಡಕೊಂಡ ಹೋಗ್ಯಾರ," ಎಂದ.