ಮೂರು ಗಂಟೆಯ ಕರೆ

ಅವಳನ್ನು ಎಲ್ಲರೂ ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನ ಅಂಗಡಿಯಲ್ಲಿ ಟೈಪ್‌ರೈಟರ್ ಬಿಚ್ಚಿ ಬೆಳೆದವಳು. ಟೈಪ್‌ರೈಟರುಗಳ ಕಾಲ ಮುಗಿದಾಗ, "ಇನ್ನು ಬಾಗಿಲು ಹಾಕ್ಕೋ" ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಅವಳು ಕೆಟ್ಟ ಕಂಪ್ಯೂಟರೊಂದನ್ನು ತಂದು, ಮೂರು ತಿಂಗಳು ಬಿಚ್ಚಿ ಜೋಡಿಸಿ, ಆ ವಿದ್ಯೆಯನ್ನೂ ಕಲಿತಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಬಿಡಿಭಾಗ ಸಿಗಲಿಲ್ಲ" ಎನ್ನುವಳು. ಐವತ್ತು ದಾಟಿದರೂ ಯಾವುದಕ್ಕೂ ಹೆದರಿದವಳಲ್ಲ. ಹೆದರಿದ್ದು ಒಂದೇ ಸಲ, ಅದೂ ಹಾಡಹಗಲೇ.

ಪಕ್ಕದ ಬೀದಿಯ ನರ್ಸಮ್ಮ ಕರೆಸಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು, ಎಪ್ಪತ್ತರ ಆಸುಪಾಸು. ಅವರ ಯಜಮಾನರು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತಿದ್ದರು. ಪಾರ್ಶ್ವವಾಯು ಬಡಿದು ಎರಡು ವರ್ಷ ಹಾಸಿಗೆ ಹಿಡಿದು, ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

"ಅವರ ಕಂಪ್ಯೂಟರು ಕಣ್ಣೇ ಮುಚ್ಚಲ್ಲಮ್ಮ. ಅವರು ಹಾಸಿಗೆ ಹಿಡಿಯೋಕೆ ಮುಂಚೆ ಸುಮ್ಮನೆ ಬಿಟ್ಟರೆ ತಾನಾಗೇ ಮಲಗೋದು" ಎಂದರು ನರ್ಸಮ್ಮ. ಕಂಪ್ಯೂಟರು ಯಜಮಾನರು ಮಲಗಿದ್ದ, ಈಗ ನರ್ಸಮ್ಮ ಮಧ್ಯಾಹ್ನ ಒರಗುವ ಮಂಚದ ಪಕ್ಕದಲ್ಲೇ ಇತ್ತು.

ಅಕ್ಕ ಸೆಟ್ಟಿಂಗ್ ನೋಡಿದಳು. ಹತ್ತು ನಿಮಿಷಕ್ಕೆ ಮಲಗಬೇಕು ಎಂದು ಸರಿಯಾಗೇ ಇತ್ತು. ಮೇಜು ಅಲುಗಾಡಿ ಮೌಸ್ ಎಬ್ಬಿಸುತ್ತಿದೆಯೇನೋ ಎಂದು ಅದನ್ನು ಕಿತ್ತಳು. ಮಲಗಲಿಲ್ಲ. ಪ್ರಿಂಟರಿನ ವೈರ್ ತೆಗೆದಳು. ಊಹೂಂ. ಕೊನೆಗೆ ಪರದೆಯಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಯಾರು ನಿನ್ನನ್ನು ಎಚ್ಚರವಾಗಿ ಇಟ್ಟಿದ್ದಾರೆ ಎಂದು ಯಂತ್ರವನ್ನೇ ಕೇಳುವ ಆಜ್ಞೆ ಬರೆದಳು. ಒಂದೇ ಸಾಲಿನ ಉತ್ತರ ಬಂತು: ಮೈಕ್ ಬಳಕೆಯಲ್ಲಿದೆ.

"ಇದು ಏನನ್ನೋ ಕೇಳಿಸಿಕೊಳ್ತಾ ಇದೆ, ಅಮ್ಮ."

ನರ್ಸಮ್ಮನಿಗೆ ಆಗ ನೆನಪಾಯಿತು. ಹಾಸಿಗೆಯಿಂದ ಯಜಮಾನರು ಕರೆದರೆ ಅಡುಗೆಮನೆಯ ಸ್ಪೀಕರಿನಲ್ಲಿ ಗಂಟೆ ಬಾರಿಸುವ ಪ್ರೋಗ್ರಾಮನ್ನು ಯಾರಿಂದಲೋ ಹಾಕಿಸಿದ್ದರು. ಅವರು ಹೋದ ಮೇಲೆ ಸ್ಪೀಕರ್ ತೆಗೆದಿದ್ದರು, ಪ್ರೋಗ್ರಾಮನ್ನು ಮರೆತಿದ್ದರು. ಕರೆದ ಪ್ರತಿ ಸಲದ ದನಿಯನ್ನೂ ಅದು ದಿನಾಂಕ ಹಾಕಿ ಉಳಿಸುತ್ತಿತ್ತು.

ಅಕ್ಕ ಪಟ್ಟಿ ತೆರೆದಳು. ಕೊನೆಯ ಕರೆ: ನಿನ್ನೆ ಮಧ್ಯಾಹ್ನ, ಮೂರು ಗಂಟೆ ಐದು ನಿಮಿಷ. ಅದರ ಹಿಂದಿನದು ಮೊನ್ನೆ, ಅದೇ ಹೊತ್ತು. ಅವಳ ಕೈ ತಾನಾಗಿ ಆ ಸಾಲನ್ನು ಒತ್ತಿತು.

"ಏಯ್... ಇದೀಯಾ?" ನಾಲಿಗೆ ಹೊರಳದ ಭಾರದ ಗಂಡುದನಿ.

ನರ್ಸಮ್ಮ ಬಿಳಿಚಿಕೊಂಡರು. "ಅವರೇ. ಹೀಗೇ ಕರೀತಿದ್ದರು."

ಅಕ್ಕ ಗೋಡೆಯತ್ತ ನೋಡಿದಳು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಎದ್ದು ಹೋಗಬಹುದಿತ್ತು. ಆದರೂ, "ಇವತ್ತು ಮೂರರ ತನಕ ಇರ್ತೀನಿ. ನೀವು ದಿನಾ ಮಾಡೋ ಹಾಗೇ ಇರಿ" ಎಂದಳು. ಅಭ್ಯಾಸದಂತೆ ನರ್ಸಮ್ಮ ಮಂಚಕ್ಕೆ ಒರಗಿದರು. ಹೆದರಿಕೆಯಿದ್ದರೂ ಮುಪ್ಪಿನ ನಿದ್ದೆ, ಬಂದೇ ಬಂತು.

ಮೂರು ಗಂಟೆಯಾಯಿತು. ಕೋಣೆಯಲ್ಲಿ ಯಂತ್ರದ ಗುಂಯ್‌ಗುಡುವಿಕೆ ಬಿಟ್ಟರೆ ಸದ್ದಿಲ್ಲ. ಇನ್ನೈದು ನಿಮಿಷಕ್ಕೆ ನರ್ಸಮ್ಮನ ಮುಖದ ಬಲಭಾಗ ಮೆಲ್ಲಗೆ ಜೋತುಬಿತ್ತು. ಬಾಯಿ ಸೊಟ್ಟಗಾಯಿತು. ಆ ಬಾಯಿಂದ, ಆ ಗಂಡುದನಿ: "ಏಯ್... ಇದೀಯಾ?"

ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು.

"ಇದೀನಿ" ಎಂದಳು ಅಕ್ಕ, ಯಾಕೆಂದು ಅವಳಿಗೇ ಗೊತ್ತಿಲ್ಲ. ಮಲಗಿದ್ದ ಮುಖ ಸಡಿಲಾಗಿ, ಮತ್ತೆ ನರ್ಸಮ್ಮನದೇ ಆಯಿತು.

ಅವರು ಎದ್ದಾಗ ಅಕ್ಕ ಮುಚ್ಚಿಡಲಿಲ್ಲ. "ಕರೀತಿರೋದು ನೀವೇ, ಅಮ್ಮ. ನಿದ್ದೆಯಲ್ಲಿ."

"ಹಾಗಾದರೆ ಅವರಲ್ಲ" ಎಂದರು ನರ್ಸಮ್ಮ. ಆ ದನಿಯಲ್ಲಿ ನೆಮ್ಮದಿ ಇರಲಿಲ್ಲ. ಆಮೇಲೆ ಕೇಳಿದರು, "ನೀನು ಉತ್ತರ ಕೊಟ್ಟೆಯಾ?"

"ಕೊಟ್ಟೆ. ಇದೀನಿ ಅಂದೆ."

"ನಾನು ಹಾಗನ್ನುತ್ತಿರಲಿಲ್ಲ. 'ಬಂದೆ' ಅಂತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡು, "ತೆಗೆದುಬಿಡು ಅದನ್ನ" ಎಂದರು.

ಅಕ್ಕ ಪ್ರೋಗ್ರಾಮ್ ಅಳಿಸಿದಳು. ಇಬ್ಬರೂ ಹತ್ತು ನಿಮಿಷ ಪರದೆ ನೋಡುತ್ತಾ ಕೂತರು. ಅದು ಕಪ್ಪಾಯಿತು.

ಮುಂದಿನ ವಾರದಿಂದ ನರ್ಸಮ್ಮ ಮಧ್ಯಾಹ್ನದ ಹೊತ್ತು ದವಾಖಾನೆಯೊಂದರಲ್ಲಿ ಗಾಯಕ್ಕೆ ಪಟ್ಟಿ ಕಟ್ಟಲು ಹೋಗತೊಡಗಿದರು. ಹಗಲು ಮಲಗುವುದನ್ನೇ ಬಿಟ್ಟರು. ಅಕ್ಕ ರಿಪೇರಿಗೆ ಬಂದ ಯಂತ್ರಗಳನ್ನು ಮನೆಗೂ ತರುವವಳು, ಆದರೆ ತಾನು ಮಲಗುವ ಕೋಣೆಗೆ ಮತ್ತೆಂದೂ ಒಂದನ್ನೂ ಒಯ್ಯಲಿಲ್ಲ. ಒಂಟಿಯಾಗಿ ಮಲಗುವ ತಾನು ನಿದ್ದೆಯಲ್ಲಿ ಯಾರ ದನಿಯಲ್ಲಿ ಮಾತಾಡುತ್ತೇನೋ, ಅದನ್ನು ತಿಳಿಯುವ ಧೈರ್ಯ ಅವಳಿಗೆ ಬರಲೇ ಇಲ್ಲ.